ಬೆರಳಿಗೆ ತಿಳಿಯದ ಎಣ್ಣೆ

ಗ್ಯಾರೇಜಿನ ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಉಗುರಿನ ಸಂದಿಯ ಕಪ್ಪು ಮಾತ್ರ ಇನ್ನೂ ಬಿಟ್ಟಿಲ್ಲ. ಹೆಂಡತಿ ಈಗಲೂ ನನಗೆಂದು ಬೇರೆ ಸಾಬೂನು ಇಡುತ್ತಾಳೆ. ಡೀಸೆಲ್ ಗಾಡಿಗಳ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು, ಗಂಗಪ್ಪ ಮಿಸ್ತ್ರಿ, ನಿಮ್ಮ ಅನುಭವ ಸ್ವಲ್ಪ ಹೇಳಿರಿ ಎಂದು ಕೇಳುತ್ತಾರೆ. ನಾನು ಎಷ್ಟು ಇಂಜಿನ್ ಬದುಕಿಸಿದೆ ಎಂದು ತಿಳಿಯುವ ಆಸೆ ಅವರಿಗೆ. ಅದನ್ನು ನಾನು ಲೆಕ್ಕ ಇಟ್ಟಿಲ್ಲ. ಕೊಂದದ್ದು ಒಂದು, ಕೊಲ್ಲುವ ಹಾದಿಗೆ ಹಚ್ಚಿದ್ದು ಇನ್ನೊಂದು. ಅವೆರಡೂ ಚೆನ್ನಾಗಿ ನೆನಪಿವೆ. ನಟ್ಟು ಬಿಗಿಯುವುದನ್ನು ಯಾರಾದರೂ ಕಲಿಸುತ್ತಾರೆ. ನಾನು ಬರೆಯುತ್ತಿರುವುದು ಎಣ್ಣೆಯ ವಿಷಯ.

ತೊಂಬತ್ತರ ದಶಕದ ಆರಂಭದಲ್ಲಿ ಬೈಲಹೊಂಗಲದ ಇಮಾಮಸಾಬ್ ಮಿಸ್ತ್ರಿಯವರ ಕೈಕೆಳಗೆ ಸೇರಿದೆ. ಅದಕ್ಕೂ ಮುಂಚೆ ಹೊಲಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದೆ. ಇಮಾಮಸಾಬರು ಎಂದೂ ಬೈಯುತ್ತಿರಲಿಲ್ಲ. ತಪ್ಪು ಮಾಡಿದರೆ ಆ ದಿನ ಮಾತು ಬಿಡುತ್ತಿದ್ದರು, ಅಷ್ಟೇ. ಪಕ್ಕದಲ್ಲೇ ನಾನು ನಿಂತಿದ್ದರೂ, ಗಾಡಿ ತಂದ ಗಿರಾಕಿಯ ಕಡೆ ತಿರುಗಿ, ಹದಿನಾಲ್ಕರ ಪಾನಾ ಕೊಡಲು ಅವನಿಗೆ ಹೇಳಿರಿ ಎನ್ನುತ್ತಿದ್ದರು. ಗಿರಾಕಿ ನನಗೆ ಹೇಳಬೇಕು, ನಾನು ಗಿರಾಕಿಯ ಕೈಗೆ ಕೊಡಬೇಕು, ಗಿರಾಕಿ ಅವರಿಗೆ ಕೊಡಬೇಕು. ಮೊದಲ ವರ್ಷ ನಾವು ಬಹಳಷ್ಟು ಹೀಗೇ ಮಾತಾಡಿದೆವು.

ಎಣ್ಣೆ ಪರೀಕ್ಷಿಸುವುದರಲ್ಲಿ ಅವರದು ದೊಡ್ಡ ಹೆಸರು. ಎರಡು ಹನಿ ಹೆಬ್ಬೆರಳ ಮೇಲೆ ಬಿಟ್ಟುಕೊಂಡು, ತೋರುಬೆರಳಿನಿಂದ ತಿಕ್ಕಿ, ಮೆಲ್ಲಗೆ ಬೆರಳು ಅಗಲಿಸಿ, ಬೆಲ್ಲದ ಪಾಕ ನೋಡುವವರ ಹಾಗೆ ಎಳೆ ನೋಡುತ್ತಿದ್ದರು. ಆಗ ಕಣ್ಣು ಮುಚ್ಚಿರುತ್ತಿತ್ತು. ತೀರ್ಪು ಒಂದೇ ಶಬ್ದ. ಐತಿ ಎಂದರೆ ಎಣ್ಣೆಯಲ್ಲಿ ಕಸುವಿದೆ, ಇಲ್ಲ ಎಂದರೆ ಬಸಿಯಬೇಕು. ಸವದತ್ತಿ, ರಾಮದುರ್ಗದ ಕಡೆಯಿಂದಲೂ ಬಾಟಲಿಯಲ್ಲಿ ಎಣ್ಣೆ ಹಾಕಿಕೊಂಡು ಅವರ ಬೆರಳಿಗೆ ತೋರಿಸಲು ಜನ ಬರುತ್ತಿದ್ದರು. ಗಾಡಿ ತರುತ್ತಿರಲಿಲ್ಲ, ಬಾಟಲಿ ಮಾತ್ರ.

ಆ ಕಾಲಕ್ಕೆ ಅದು ನಡೆಯುತ್ತಿತ್ತು. ಗ್ಯಾರೇಜಿನ ಮೂಲೆಯಲ್ಲಿ ನಲವತ್ತು ನಂಬರಿನ ಎಣ್ಣೆಯ ಒಂದು ಬ್ಯಾರಲ್. ಟ್ರ್ಯಾಕ್ಟರಿಗೂ ಅದೇ, ಜೀಪಿಗೂ ಅದೇ, ಪಿಕಪ್ಪಿಗೂ ಅದೇ. ಆಗಿನ ಇಂಜಿನ್‌ಗಳು ಕೂಲಿ ಮಾಡುವವನ ಹೊಟ್ಟೆಯಂಥವು, ಹಾಕಿದ್ದನ್ನು ಅರಗಿಸಿಕೊಳ್ಳುತ್ತಿದ್ದವು. ಎಣ್ಣೆ ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದು ನಾನು ಕಲಿತೆ. ಇದು ತಪ್ಪೆಂದು ಹೇಳುವವರು ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ ಎನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಗಿರಾಕಿಗಳ ದೊಡ್ಡ ಚಿಂತೆ ಎಣ್ಣೆಯ ಬಣ್ಣ. ಮುನವಳ್ಳಿಯ ಕಾಳಿನ ವ್ಯಾಪಾರಿಯೊಬ್ಬರು ತಮ್ಮ ಪಿಕಪ್ಪಿಗೆ ಹೊಸ ಎಣ್ಣೆ ಹಾಕಿಸಿಕೊಂಡು ಹೋದವರು ಮೂರನೆಯ ದಿನ ತಿರುಗಿ ಬಂದರು. ಎಣ್ಣೆ ಕಪ್ಪಾಗಿದೆ, ನೀವು ಹಳೆಯದನ್ನೇ ಬಿಟ್ಟಿದ್ದೀರಿ ಎಂದು ತಕರಾರು. ಇಮಾಮಸಾಬರು ವಾದಿಸಲಿಲ್ಲ. ಅವರ ಕಣ್ಣೆದುರೇ ಬಸಿದು, ಹೊಸದು ತುಂಬಿಸಿದರು. ಮತ್ತೆ ಮೂರು ದಿನಕ್ಕೆ ಅವರು ಬಂದರು, ಮತ್ತೆ ಕಪ್ಪು. ಈ ಸಲ ವ್ಯಾಪಾರಿ ಗಾಡಿಯ ಕೆಳಗೆ ತಾವೇ ಮಲಗಿ, ಬಿಳಿ ಅಂಗಿಯಲ್ಲಿ, ಕೊನೆಯ ಹನಿ ಬೀಳುವವರೆಗೂ ನೋಡಿದರು. ಮೂರನೆಯ ಸಲ ಬಂದಾಗ ಇಮಾಮಸಾಬರು ಬಾಯಿ ಬಿಟ್ಟರು.

“ಸಾವಕಾರ್ರ, ಒಲಿ ಒರೆಸಿದ ಅರಿವಿ ಬೆಳ್ಳಗ ಇದ್ರ ಒಲಿ ಒರಿಸಿಲ್ಲಂತ ತಿಳೀಬೇಕ್ರಿ. ಇಂಜಿನ್ನಿನ ಮಸಿ ಹಿಡಕೊಳ್ಳೂದ ಎಣ್ಣಿ ಕೆಲಸ ಐತಿ.”

ವ್ಯಾಪಾರಿ, ಈ ಮಾತನ್ನು ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ನೀವು ಕೇಳಲಿಲ್ಲ, ಬೈದಿರಿ ಎಂದರು ಇಮಾಮಸಾಬರು. ಡೀಸೆಲ್ ಗಾಡಿಯ ಎಣ್ಣೆ ಕಪ್ಪಾದರೆ ಹೆದರಬೇಡಿ. ಬಣ್ಣ ನೋಡಿ ಎಣ್ಣೆ ಬದಲಿಸುವವನು ಪಂಚೆಯ ಅಂಚು ನೋಡಿ ಬೀಗತನ ಮಾಡುವವನಿದ್ದಂತೆ.

ಇನ್ನೊಂದು ನಮ್ಮ ಕಡೆಯ ಪದ್ಧತಿ. ಎಷ್ಟು ಕಿಲೋಮೀಟರ್ ಓಡಿದೆ ಎಂದು ನೋಡಿ ಎಣ್ಣೆ ಬದಲಿಸುವವರು ಕಡಿಮೆ. ದಸರೆಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಬದಲಿಸುವುದು ಸಂಪ್ರದಾಯ. ಹಿಂದಿನ ವಾರವಷ್ಟೇ ಬದಲಿಸಿದವನೂ ಹಬ್ಬಕ್ಕೆ ಹೊಸ ಎಣ್ಣೆ ಬೇಕೆಂದು ಸಾಲಿನಲ್ಲಿ ನಿಲ್ಲುತ್ತಿದ್ದ. ಎರಡು ತಿಂಗಳ ಹಿಂದೆಯೇ ಬದಲಿಸಬೇಕಿದ್ದವನು, ಹೆಂಗೂ ಹಬ್ಬ ಬಂತಲ್ಲ ಎಂದು ಅಂಟಿನಂಥ ಎಣ್ಣೆಯಲ್ಲೇ ಓಡಿಸುತ್ತಿದ್ದ. ಅಂದು ಗಾಡಿಗೆ ಕಬ್ಬು ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಡ್ಯಾಶ್‌ಬೋರ್ಡಿನಿಂದ ಕಂಪನಿಯ ಪುಸ್ತಕ ತೆಗೆದು ಅದಕ್ಕೂ ವಿಭೂತಿ ಹಚ್ಚುತ್ತಿದ್ದರು. ಅದರಲ್ಲಿ ಯಾವ ಎಣ್ಣೆ, ಎಷ್ಟು, ಯಾವಾಗ ಎಂದು ಬರೆದಿರುತ್ತದೆ. ಆದರೆ ಪೂಜೆ ಮಾಡಿದ ಮೇಲೆ ತೆರೆದು ಓದುವುದು ಯಾರಿಗೂ ಹೊಳೆಯುತ್ತಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮತ್ತೆ ಒಳಗಿಡುತ್ತಿದ್ದರು.

ಎಷ್ಟು ಹಾಕಬೇಕು ಎನ್ನುವುದೂ ಒಂದು ಸಮಸ್ಯೆ. ಒಮ್ಮೆ ಕಿತ್ತೂರಿನ ಹತ್ತಿರ ಹೆದ್ದಾರಿಯ ಪಕ್ಕ ಗಾಡಿಯೊಂದು ಬಿಳಿ ಹೊಗೆಯಲ್ಲಿ ಮುಚ್ಚಿಹೋಗಿದೆ ಎಂದು ಕರೆ ಬಂತು. ಹೋಗಿ ನೋಡಿದರೆ ದೇಗಾಂವದ ರೈತ. ಎಣ್ಣೆಯನ್ನು ಮುಚ್ಚಳದ ಬಾಯಿಯವರೆಗೂ ತುಂಬಿದ್ದ. ಇಂಜಿನ್ ತನ್ನ ಎಣ್ಣೆಯನ್ನು ತಾನೇ ಕುಡಿದು ಉಗುಳುತ್ತಿತ್ತು. ಎಣ್ಣೆ ಅಳೆಯುವ ಗೇಜು ಕಡ್ಡಿಯ ಮೇಲೆ ಎರಡು ಗೆರೆ ಇವೆಯಲ್ಲ, ನೋಡಲಿಲ್ಲವೇ ಎಂದೆ. ಊಟಕ್ಕೆ ಕುಳಿತವರಿಗೆ ಗೆರೆ ನೋಡಿ ಬಡಿಸುತ್ತಾರೆಯೇ ಎಂದು ಅವನು ನನ್ನನ್ನೇ ಕೇಳಿದ. ಅಂದು ಅರ್ಧಕ್ಕಿಂತ ಹೆಚ್ಚು ಎಣ್ಣೆ ಹೊರತೆಗೆದೆ. ಅದನ್ನು ಅವನು ಹಾಳು ಮಾಡಬಾರದೆಂದು ಬಕೆಟಿನಲ್ಲಿ ಮನೆಗೆ ಒಯ್ದ.

ಇಮಾಮಸಾಬರಿಗೆ ಕಣ್ಣು ಮಂದವಾದ ಮೇಲೆ ಅವರು ಗ್ಯಾರೇಜನ್ನು ನನಗೆ ಬಿಟ್ಟುಕೊಟ್ಟರು. ಗ್ಯಾರೇಜಿನ ಜೊತೆ ಅವರ ಬೆರಳಿನ ಹೆಸರೂ ನನಗೆ ಬಂತು. ಈಗ ಬಾಟಲಿ ಹಿಡಿದವರು ನನ್ನ ಹತ್ತಿರ ಬರತೊಡಗಿದರು. ನಾನೂ ಕಣ್ಣು ಮುಚ್ಚಿ ತಿಕ್ಕುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದ್ದರಿಂದ ಎದುರಿದ್ದವರಿಗೆ ಅದು ಗೊತ್ತಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಎಣ್ಣೆ ಕಂಪನಿಗಳ ಏಜೆಂಟರು ಬರಲು ಶುರುಮಾಡಿದರು. ಒಬ್ಬ ಗೋಡೆ ಗಡಿಯಾರ ಕೊಟ್ಟ, ಅವನ ಎಣ್ಣೆ ತೆಗೆದುಕೊಂಡೆ. ಜೊತೆಗೆ ಒಂದು ದೊಡ್ಡ ಕಾಗದ ಕೊಟ್ಟು, ಯಾವ ಗಾಡಿಗೆ ಯಾವ ಎಣ್ಣೆ ಎಂದು ಇದರಲ್ಲಿದೆ, ಗೋಡೆಗೆ ಹಚ್ಚಿರಿ ಎಂದ. ಗಡಿಯಾರ ಹಚ್ಚಿದೆ. ಕಾಗದವನ್ನು ಬೇರಿಂಗ್ ಒರೆಸಿ ಇಡಲು ಹಾಸಿಕೊಂಡೆ.

ಇಲ್ಲಿಯವರೆಗೆ ಬರೆದದ್ದು ನಗುವಂಥದ್ದು. ಇನ್ನು ದಾವಲಸಾಬನ ವಿಷಯ.

ದಾವಲಸಾಬ ರಾಮದುರ್ಗದವನು. ಅಲ್ಲಿ ಸೀರೆ ವ್ಯಾಪಾರ ಮಾಡುವ ಚನ್ನಬಸಪ್ಪ ಸಾವಕಾರರ ಪಿಕಪ್ಪಿಗೆ ಹನ್ನೊಂದು ವರ್ಷದಿಂದ ಡ್ರೈವರ್. ವಾರಕ್ಕೊಮ್ಮೆ ಸೀರೆ ಗಂಟು ಹೇರಿಕೊಂಡು ಬೈಲಹೊಂಗಲದ ಮೇಲೆ ಬೆಳಗಾವಿಗೆ ಹೋಗುತ್ತಿದ್ದ. ಹಾದಿಯಲ್ಲಿ ನನ್ನ ಗ್ಯಾರೇಜು. ನನ್ನದೇ ವಯಸ್ಸಿನ ಮನುಷ್ಯ, ಮಾತು ಕಡಿಮೆ. ದಿನಾ ಗಾಡಿ ಚಾಲೂ ಮಾಡುವ ಮುಂಚೆ ಬಾನೆಟ್ ಎತ್ತಿ, ಗೇಜು ಕಡ್ಡಿ ಎಳೆದು, ಹೆಗಲ ಮೇಲಿನ ಟವೆಲ್ಲಿಗೆ ಒರೆಸಿ, ಮತ್ತೆ ಅದ್ದಿ ನೋಡುವುದು ಅವನ ರೂಢಿ. ಟವೆಲ್ಲಿನ ಒಂದು ತುದಿ ಎಣ್ಣೆಗೆ, ಇನ್ನೊಂದು ಮುಖಕ್ಕೆ. ಅವು ಅದಲುಬದಲಾದದ್ದನ್ನು ನಾನು ಕಂಡಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಾವಕಾರರು ಹೊಸ ಪಿಕಪ್ ತಂದರು. ಟರ್ಬೊ ಇದ್ದ ಗಾಡಿ. ಅಂದರೆ ಹೊಗೆ ಹೊರಹೋಗುವ ರಭಸಕ್ಕೆ ಒಂದು ಸಣ್ಣ ಚಕ್ರ ತಿರುಗಿ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಆ ಚಕ್ರ ಎಷ್ಟು ಜೋರಾಗಿ ತಿರುಗುತ್ತದೆಂದರೆ, ಅದರ ಅಚ್ಚು ನಿಂತಿರುವುದೇ ಎಣ್ಣೆಯ ತೆಳು ಪದರದ ಮೇಲೆ. ಪೆನ್ಸಿಲ್ ದಪ್ಪದ ಕೊಳವೆಯಲ್ಲಿ ಅಲ್ಲಿಗೆ ಎಣ್ಣೆ ಹೋಗುತ್ತದೆ. ಇದನ್ನೆಲ್ಲ ನಾನು ಈಗ ಹೇಳುತ್ತಿದ್ದೇನೆ. ಆಗ ನನಗೆ ಗೊತ್ತಿದ್ದದ್ದು, ಟರ್ಬೊ ಎಂದರೆ ಬಾಗಿಲ ಮೇಲಿನ ಸ್ಟಿಕ್ಕರ್ ಎಂದಷ್ಟೇ.

ಕಂಪನಿಯ ಸರ್ವಿಸುಗಳು ಮುಗಿದ ಮೇಲೆ ದಾವಲಸಾಬ ಎಣ್ಣೆ ಬದಲಿಸಲು ನನ್ನಲ್ಲಿಗೆ ಬಂದ. ಕೈಯಲ್ಲಿ ಪುಸ್ತಕ. ಮೆಟ್ರಿಕ್‌ವರೆಗೆ ಓದಿದವನು, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದ. ಬೆರಳಿಟ್ಟು ತೋರಿಸಿದ. ಹದಿನೈದು ಡಬ್ಲ್ಯೂ ನಲವತ್ತು, ಅದರ ಮುಂದೆ ಸಿ ಎಫ್ ನಾಲ್ಕು ಎಂದಿತ್ತು. ನಾನು ನೋಡಿ ನಕ್ಕೆ. ಇದರಲ್ಲೂ ನಲವತ್ತೇ ಇದೆ, ನಮ್ಮ ಬ್ಯಾರಲ್ ಕೂಡ ನಲವತ್ತು, ಹಿಂದಿನ ಹದಿನೈದು ಕಂಪನಿಯವರ ಲೆಕ್ಕ, ನಮಗ್ಯಾಕೆ ಎಂದೆ. ಅವನು ಪುಸ್ತಕ ಮುಚ್ಚಲಿಲ್ಲ.

“ಹಂಗಲ್ರಿ ಮಿಸ್ತ್ರಿ, ಎರಡೂ ಒಂದ ಆಗಿದ್ರ ಅವರ‍್ಯಾಕ ಎರಡ ನಂಬರ ಬರೀತಿದ್ರು?”

ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಡ್ರೈವರೊಬ್ಬ ಮಿಸ್ತ್ರಿಗೆ ಎಣ್ಣೆ ಹೇಳಿಕೊಡುವುದನ್ನು ಅವರು ಕೇಳುತ್ತಿದ್ದರು. ನಾನು ಬ್ಯಾರಲ್ಲಿನಿಂದ ಎರಡು ಹನಿ ಬೆರಳಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ತಿಕ್ಕಿ, ಐತಿ ಎಂದೆ. ನೀವು ಮಿಸ್ತ್ರಿ, ನಿಮಗೆ ಗೊತ್ತು ಎಂದು ಅವನು ಪುಸ್ತಕವನ್ನು ಒಳಗಿಟ್ಟ.

ನಾಲ್ಕು ತಿಂಗಳ ಮೇಲೆ ಒಂದು ಸಂಜೆ, ಯರಗಟ್ಟಿ ದಾಟುತ್ತಲೇ ಗಾಡಿ ಕಿರುಚಿ, ಹಿಂದೆಲ್ಲ ನೀಲಿ ಹೊಗೆ ಕಾರಿ ನಿಂತಿತು. ಸೀರೆ ಗಂಟುಗಳೊಂದಿಗೆ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಮರುದಿನ ಬೆಳಿಗ್ಗೆ ಬಿಚ್ಚಿದೆ. ಟರ್ಬೊದ ಅಚ್ಚು ಸುಟ್ಟು ಹಿಡಿದುಕೊಂಡಿತ್ತು. ಎಣ್ಣೆಯ ಕೊಳವೆ ಕಳಚಿ ಊದಿದರೆ ಗಾಳಿ ತುಸುವೇ ಆಚೆ ಬಂತು. ಒಳಗೆ ಎಣ್ಣೆ ಕಾದು ಕಾದು ಸೀದ ಹಾಲಿನ ಹಾಗೆ ಕರಿಗಟ್ಟಿತ್ತು. ಅಚ್ಚು ಸುಟ್ಟ ಮೇಲೆ ಇದ್ದಬದ್ದ ಎಣ್ಣೆಯೆಲ್ಲ ಹೊಗೆಯ ಹಾದಿಯಲ್ಲಿ ಹೊರಗೆ ಹೋಗಿತ್ತು, ಅದಿಲ್ಲದೆ ಇಂಜಿನ್ನಿನ ಬೇರಿಂಗುಗಳೂ ಸುಟ್ಟಿದ್ದವು. ಎಣ್ಣೆಯ ತಪ್ಪು, ಅಂದರೆ ನನ್ನ ತಪ್ಪು ಎಂದು ಅರ್ಥವಾಗಿತ್ತು. ಕೊಳವೆಯನ್ನು ಯಾರಿಗೂ ಕಾಣದ ಹಾಗೆ ಡೀಸೆಲ್ ಡಬ್ಬಿಯಲ್ಲಿ ಹಾಕಿಟ್ಟೆ.

ಹತ್ತು ಗಂಟೆಗೆ ಸಾವಕಾರರು ಬಂದರು, ಹಿಂದೆ ದಾವಲಸಾಬ. ಸುತ್ತ ಜನ ಸೇರಿದ್ದರು. ಹೊಸ ಗಾಡಿ, ಏನಾಯಿತು ಎಂದು ಸಾವಕಾರರು ಕೇಳಿದರು. ನಾನು ಗೇಜು ಕಡ್ಡಿ ಎಳೆದು ತೋರಿಸಿದೆ. ಒಣಗಿತ್ತು.

“ಎಣ್ಣಿ ಇಲ್ರಿ,” ಎಂದೆ.

ಸುಳ್ಳಲ್ಲ. ಎಣ್ಣೆ ಇರಲಿಲ್ಲ. ಎಣ್ಣೆ ಇಲ್ಲದ್ದಕ್ಕೆ ಗಾಡಿ ಕೆಟ್ಟಿತೋ, ಗಾಡಿ ಕೆಟ್ಟದ್ದಕ್ಕೆ ಎಣ್ಣೆ ಹೋಯಿತೋ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ. ಉಳಿದದ್ದನ್ನು ಸಾವಕಾರರು ತಾವೇ ತಿಳಿದುಕೊಂಡು ಡ್ರೈವರನ ಕಡೆ ತಿರುಗಿದರು. ದಾವಲಸಾಬ ನನ್ನನ್ನು ನೋಡಿದ.

“ನಿನ್ನಿ ಮುಂಜಾನೆ ನೋಡೇನ್ರಿ, ಗೆರಿ ಮಟ ಇತ್ತು. ಮಿಸ್ತ್ರಿ, ನೀವ ಹೇಳ್ರಿ.”

ನಾನು ಒಣ ಕಡ್ಡಿಯನ್ನು ಒರೆಸಿದೆ. ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಸಾವಕಾರರು ಕೀಲಿ ಕೇಳಿದರು. ಅವನು ಕೊಟ್ಟ. ಸೀಟಿನ ಮೇಲಿದ್ದ ತನ್ನ ಟವೆಲ್ ತೆಗೆದುಕೊಂಡು ಬಸ್ ನಿಲ್ದಾಣದ ಕಡೆ ನಡೆದ. ಹನ್ನೊಂದು ವರ್ಷದ ನೌಕರಿ ನನ್ನ ಎರಡು ಶಬ್ದಕ್ಕೆ ಹೋಯಿತು.

ಡ್ರೈವರರ ಲೋಕ ಸಣ್ಣದು. ಹೊಸ ಇಂಜಿನ್ ಸುಟ್ಟವನೆಂದು ಹೆಸರಾದರೆ ಯಾರೂ ಕೀಲಿ ಕೊಡುವುದಿಲ್ಲ. ದಾವಲಸಾಬ ಮಗ್ಗದ ಮನೆಯೊಂದರಲ್ಲಿ ನೂಲಿನ ಕಂಡಿಕೆ ಸುತ್ತುತ್ತಾನೆ ಎಂದು ರಾಮದುರ್ಗದಿಂದ ಬಂದವರೊಬ್ಬರು ಹೇಳಿದರು. ಮುದುಕರು ಮಾಡುವ ಕೆಲಸ. ಆದರೂ ಬ್ಯಾರಲ್ ಬದಲಿಸಲಿಲ್ಲ. ಬದಲಿಸಿದರೆ ಒಪ್ಪಿಕೊಂಡಂತಾಗುತ್ತದಲ್ಲ.

ಮುಂದಿನ ಬೇಸಿಗೆಯಲ್ಲಿ ಸವದತ್ತಿಯಿಂದ ಅಂಥದೇ ಗಾಡಿ ಬಂತು. ಮಾಲಕರೇ ಓಡಿಸುವವರು, ಟರ್ಬೊ ಸಿಳ್ಳೆ ಹೊಡೆಯುತ್ತಿದೆ ಎಂದರು. ಕಡ್ಡಿ ಎಳೆದು ನೋಡಿದೆ. ಎಣ್ಣೆ ಗೆರೆಯವರೆಗೆ ಇತ್ತು. ಕೊಳವೆ ಬಿಚ್ಚಿದೆ. ಮುಕ್ಕಾಲು ಕಟ್ಟಿತ್ತು. ಅದಕ್ಕೆ ಎಣ್ಣೆ ಹಾಕಿದವನೂ ನಾನೇ. ಈ ಸಲ ಹೊರಿಸಲು ಡ್ರೈವರ್ ಇರಲಿಲ್ಲ.

ಗಡಿಯಾರ ಕೊಟ್ಟಿದ್ದ ಏಜೆಂಟನನ್ನು ಕರೆಸಿ, ಆ ಕಾಗದ ಇನ್ನೊಂದು ಇದೆಯೇ ಎಂದೆ. ಅವನು ಕುಳಿತು ಬಿಡಿಸಿ ಹೇಳಿದ. ಮೊದಲ ಅಂಕಿ ಇಂಜಿನ್ ತಣ್ಣಗಿದ್ದಾಗ ಎಣ್ಣೆ ಎಷ್ಟು ಸರಳ ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು ಕಾದಾಗ ಎಷ್ಟು ಗಟ್ಟಿ ನಿಲ್ಲುತ್ತದೆ ಎನ್ನುವುದಕ್ಕೆ. ಬರೀ ನಲವತ್ತರ ಎಣ್ಣೆ ಬೆಳಗಿನ ತಂಪಿಗೆ ಟರ್ಬೊ ತಲುಪಲು ತಡಮಾಡುತ್ತದೆ, ಅಷ್ಟರಲ್ಲಿ ಅಚ್ಚು ಒಣಗಿ ತಿರುಗುತ್ತದೆ. ಸಿ ಮುಂದಿನ ಅಕ್ಷರ ಎಣ್ಣೆ ಎಷ್ಟು ಶಾಖ ತಾಳುತ್ತದೆ, ಎಷ್ಟು ಮಸಿ ಹಿಡಿದಿಡುತ್ತದೆ ಎನ್ನುವುದನ್ನು ಹೇಳುತ್ತದೆ. ನಮ್ಮ ಬ್ಯಾರಲ್ಲಿನ ಮೇಲಿದ್ದ ಅಕ್ಷರ ಟರ್ಬೊಗೆ ಸಾಲದು. ಇದಾವುದೂ ಬೆರಳಿಗೆ ತಿಳಿಯುವುದಿಲ್ಲ. ದಾವಲಸಾಬ ಒಂದೇ ಪ್ರಶ್ನೆಯಲ್ಲಿ ಇದನ್ನೆಲ್ಲ ಕೇಳಿದ್ದ.

ರಾಮದುರ್ಗಕ್ಕೆ ಹೋದೆ. ಮೊದಲು ಸಾವಕಾರರನ್ನು ಕಂಡು ಇದ್ದದ್ದು ಇದ್ದಂತೆ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಚಹಾ ತರಿಸಿದರು. ದಾವಲ ಒಳ್ಳೆಯವನೇ, ಆದರೆ ಈಗ ಗಾಡಿಗೆ ಅಕ್ಕನ ಮಗನನ್ನು ಇಟ್ಟಿದ್ದೇನೆ, ಬಿಡಿಸಲು ಬರುವುದಿಲ್ಲ ಎಂದರು. ನೀವು ಇದನ್ನು ಇನ್ಯಾರ ಮುಂದೆಯೂ ಆಡಬೇಡಿ, ನಿಮ್ಮ ಧಂದೆ ಹಾಳಾಗುತ್ತದೆ ಎಂದು ಬುದ್ಧಿಯನ್ನೂ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ದಾವಲಸಾಬ ಮಗ್ಗದ ಮನೆಯ ಹಿಂದಿನ ಕೋಣೆಯಲ್ಲಿ ರಾಟೆಯ ಮುಂದೆ ಕುಳಿತಿದ್ದ. ನಾನು ಬಾಗಿಲು ಮುಚ್ಚಿ, ಎದುರು ಕುಳಿತು ಎಲ್ಲ ಹೇಳಿದೆ. ಕೊಳವೆ ಕಟ್ಟಿದ್ದನ್ನು ಅಂದೇ ನೋಡಿದ್ದೆ ಎನ್ನುವುದನ್ನೂ ಹೇಳಿದೆ. ತಪ್ಪಾಯಿತು ಎಂದೆ. ನನಗೆ ಅಳು ಬಂತು. ಅವನಿಗೆ ಬರಲಿಲ್ಲ. ರಾಟೆ ನಿಲ್ಲಿಸಿದ.

“ಅವತ್ತ ನಿಮ್ಮ ಗ್ಯಾರೇಜದಾಗ ಹತ್ತ ಮಂದಿ ಇದ್ರು. ಇಲ್ಲಿ ನಾವಿಬ್ಬರ ಅದೀವ್ರಿ,” ಎಂದ. ಮತ್ತೆ ರಾಟೆ ತಿರುಗಿಸತೊಡಗಿದ.

ಅಲ್ಲಿಂದ ನೇರ ಬಾಡಿಗೆ ಗಾಡಿಗಳ ಸ್ಟ್ಯಾಂಡಿಗೆ ಹೋದೆ. ಬಾಡಿಗೆ ಕಾಯುತ್ತ ಏಳು ಪಿಕಪ್ ನಿಂತಿದ್ದವು, ಡ್ರೈವರರು ಬೇವಿನ ಗಿಡದ ಕೆಳಗಿದ್ದರು. ಬಹುತೇಕ ಎಲ್ಲರಿಗೂ ನಾನು ಗೊತ್ತು. ಬರ್ರಿ ಮಿಸ್ತ್ರಿ, ಕುಂಡ್ರಿ ಎಂದರು. ಕುಳಿತುಕೊಂಡು ಇಂಥ ಮಾತು ಹೇಳಲು ಬರುವುದಿಲ್ಲ, ನಿಂತೇ ಹೇಳಿದೆ. ಚನ್ನಬಸಪ್ಪ ಸಾವಕಾರರ ಗಾಡಿ ಸುಟ್ಟದ್ದು ದಾವಲಸಾಬನಿಂದ ಅಲ್ಲ, ನನ್ನ ಎಣ್ಣೆಯಿಂದ. ಅವನು ಸರಿಯಾದ ಎಣ್ಣೆಯ ಹೆಸರು ಪುಸ್ತಕದಲ್ಲಿ ತೋರಿಸಿದ್ದ, ನಾನು ಕೇಳಲಿಲ್ಲ. ತಪ್ಪು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತೆ.

ಒಬ್ಬ ಎದ್ದು ತನ್ನ ಗಾಡಿಯ ಬಾನೆಟ್ ಎತ್ತಿದ. ಅವನನ್ನು ನೋಡಿ ಇನ್ನೊಬ್ಬ ಎದ್ದ. ನಾನು ಬಸ್ಸಿಗೆ ಹೊರಡುವಷ್ಟರಲ್ಲಿ ಏಳೂ ಗಾಡಿಗಳ ಬಾನೆಟ್ ಮೇಲಿದ್ದವು. ಅವುಗಳಲ್ಲಿ ಐದಕ್ಕೆ ಎಣ್ಣೆ ಹಾಕಿದವನು ನಾನು.

ಸಾವಕಾರರು ಹೇಳಿದ್ದು ಸುಳ್ಳಾಗಲಿಲ್ಲ. ಮಳೆಗಾಲ ಮುಗಿಯುವವರೆಗೂ ಗ್ಯಾರೇಜಿಗೆ ಪಂಪ್‌ಸೆಟ್‌ಗಳೇ ಹೆಚ್ಚು ಬಂದವು. ಬಾಟಲಿ ಹಿಡಿದು ಬೆರಳಿಗೆ ತೋರಿಸಲು ಬರುವವರು ಪೂರ್ತಿ ನಿಂತರು. ಅದು ಒಳ್ಳೆಯದೇ ಆಯಿತು.

ಒಂದು ದಿನ ಮಧ್ಯಾಹ್ನ ಕಬ್ಬಿಣ ಸಾಮಾನಿನ ವ್ಯಾಪಾರಿಯೊಬ್ಬರ ಹೊಸ ಪಿಕಪ್ ಬಂದು ಗ್ಯಾರೇಜಿನ ಮುಂದೆ ನಿಂತಿತು. ಇಳಿದವನು ದಾವಲಸಾಬ. ಇಂಜಿನ್ನನ್ನು ತಕ್ಷಣ ಬಂದ್ ಮಾಡದೆ ಸ್ವಲ್ಪ ಹೊತ್ತು ಹಾಗೇ ಬಿಟ್ಟ, ಟರ್ಬೊಗೆ ಹಾಗೇ ಮಾಡಬೇಕು. ಎಣ್ಣೆ ಬದಲಿಸಬೇಕೆಂದ. ನಾನು ಗಾಡಿಯ ಕೆಳಗೆ ಮಲಗಿ ಹಳೆಯದನ್ನು ಬಸಿದೆ. ಎದ್ದು ಬಂದರೆ ಅವನು ಸೀಟಿನ ಹಿಂದಿನಿಂದ ಸೀಲು ಒಡೆಯದ ಡಬ್ಬಿ ತೆಗೆದು ಹಿಡಿದಿದ್ದ. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. ಡಬ್ಬಿಯ ಮುಖವನ್ನು ನನ್ನ ಕಡೆ ತಿರುಗಿಸಿದ. ಗ್ಯಾರೇಜಿನಲ್ಲಿ ಅಂದು ಆರು ಜನರಿದ್ದರು.

“ಓದ್ರಿ ಮಿಸ್ತ್ರಿ,” ಎಂದ.

ಓದಿದೆ.

“ಅವರಿಗೂ ಕೇಳಲಿ.”

ಸಾಲೆಯಲ್ಲಿ ಮಗ್ಗಿ ಹೇಳುವವನ ಹಾಗೆ ನಿಂತು, ಹದಿನೈದು ಡಬ್ಲ್ಯೂ ನಲವತ್ತು, ಸಿ ಎಫ್ ನಾಲ್ಕು ಎಂದು ಗಟ್ಟಿಯಾಗಿ ಓದಿದೆ. ದಾವಲಸಾಬ ಆರೂ ಜನರ ಮುಖ ನೋಡಿದ. ಆಮೇಲೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ.

“ಈಗ ಹಾಕ್ರಿ.”